‘ಟೂ ಮೆನಿ ಕನೆಕ್ಷನ್ಸ್’ ಬಂದಾಗ ಮೊದಲು ಕ್ಲಾಸ್ ತೆರೆದು ನೋಡಿ

ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರುವ ಒಂದು ಚಿಕ್ಕ ಅಂಗಡಿಯ ವೆಬ್‌ಸೈಟ್ ನನ್ನ ಕೈಗೆ ಬಂದಿತ್ತು. ಬರೆದವರು ಯಾರೋ, ನೋಡಿಕೊಳ್ಳುವ ಪಾಡು ನನ್ನದು. ಪುಟ ಕಟ್ಟುವ ಭಾಷೆ ಪಿಎಚ್‌ಪಿ 7.4, ಮಾಹಿತಿ ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7, ಎರಡೂ ಒಂದೇ ಸರ್ವರ್ ಮೇಲೆ. ಹಗಲೆಲ್ಲ ಚೆನ್ನಾಗಿಯೇ ಓಡುತ್ತಿತ್ತು. ಸಂಜೆ ಏಳರ ಮೇಲೆ, ಜನ ಊಟಕ್ಕೆ ಮುಂಚೆ ಮೊಬೈಲ್ ಹಿಡಿದು ಕೂರುವ ಹೊತ್ತಿಗೆ ಸರಿಯಾಗಿ, ಬಿಳಿ ಪುಟದ ಮೇಲೆ ಒಂದೇ ಸಾಲು ಬರುತ್ತಿತ್ತು: 1040, ಟೂ ಮೆನಿ ಕನೆಕ್ಷನ್ಸ್. ಅಂದರೆ ಡೇಟಾಬೇಸ್‌ಗೆ ತೆರೆದ ಸಂಪರ್ಕಗಳು ಮಿತಿ ಮೀರಿವೆ ಅಂತ. ಎರಡು ನಿಮಿಷ ಬಿಟ್ಟು ರಿಫ್ರೆಶ್ ಮಾಡಿದರೆ ಎಲ್ಲ ಸರಿ.

ಅಂಗಡಿಯವರು ಫೋನ್ ಮಾಡಿದರು. “ಏನ್ ಸಾರ್, ಅಷ್ಟೊಂದು ಜನ ಬರ್ತಿದ್ದಾರಾ ನಮ್ಮ ಸೈಟಿಗೆ?” ದನಿಯಲ್ಲಿ ಸಿಟ್ಟಿಗಿಂತ ಖುಷಿ ಜಾಸ್ತಿ ಇತ್ತು. ಆ ಹೊತ್ತಿನ ಆಕ್ಸೆಸ್ ಲಾಗ್ ತೆಗೆದು ನೋಡಿದೆ. ಇದ್ದದ್ದು ನಾಲ್ಕೈದು ಜನ.

ನಾಲ್ಕೈದು ಜನಕ್ಕೆ ಡೇಟಾಬೇಸ್‌ನ ಬಾಗಿಲು ತುಂಬಿಹೋಗುವುದು ಹೇಗೆ? ಇದನ್ನು ಹುಡುಕಿಕೊಂಡು ಹೋದಾಗ ಗೊತ್ತಾಗಿದ್ದು ಇಷ್ಟು: ಆ ಸೈಟಿನಲ್ಲಿ ಬೇರೆ ಬೇರೆ ಅಂದುಕೊಂಡಿದ್ದ ಐದು ತೊಂದರೆಗಳಿದ್ದವು, ಐದಕ್ಕೂ ಬೇರು ಒಂದೇ. ಡೇಟಾಬೇಸ್ ಕ್ಲಾಸ್‌ಗಳನ್ನು ಹೆಣೆದ ರೀತಿ. (ಕ್ಲಾಸ್ ಅಂದರೆ ಕೋಡ್‌ನಲ್ಲಿ ಬರೆದ ಅಚ್ಚು, ಆ ಅಚ್ಚಿನಿಂದ ಹುಟ್ಟಿದ್ದು ಆಬ್ಜೆಕ್ಟ್.) ನಿಮ್ಮಲ್ಲೂ ಇಂಥದ್ದೇ ಇರಬಹುದು ಅನ್ನಿಸಿದರೆ ನಾನು ನೋಡಿದ ಕ್ರಮದಲ್ಲೇ ನೋಡಿ.

ಮೊದಲು ತಪ್ಪು ಮದ್ದಿನ ವಿಷಯ

ಮೈಎಸ್‌ಕ್ಯೂಎಲ್‌ನಲ್ಲಿ ಮ್ಯಾಕ್ಸ್ ಕನೆಕ್ಷನ್ಸ್ ಎಂಬ ಸೆಟ್ಟಿಂಗ್ ಇದೆ. ನೀವು ಏನೂ ಮುಟ್ಟದಿದ್ದರೆ ಅದು 151. ಯಾರನ್ನು ಕೇಳಿದರೂ ಮೊದಲ ಸಲಹೆ “ಅದನ್ನು 300 ಮಾಡಿ, 500 ಮಾಡಿ” ಅಂತ. ನಾನೂ ಮೊದಲು ಅದನ್ನೇ ಮಾಡಿದೆ, ಒಪ್ಪಿಕೊಳ್ಳುತ್ತೇನೆ. 300 ಮಾಡಿದ ಮೇಲೆ ಒಂದು ವಾರ ಫೋನ್ ಬರಲಿಲ್ಲ. ಆಮೇಲೆ ಹಬ್ಬದ ಹಿಂದಿನ ಶನಿವಾರ ಮತ್ತೆ ಅದೇ ಬಿಳಿ ಪುಟ. ಜೊತೆಗೆ ಈ ಸಲ ಸರ್ವರ್ ಕೂಡ ತೆವಳತೊಡಗಿತು.

ತೆವಳುವುದಕ್ಕೆ ಕಾರಣ ಇದೆ. ಪ್ರತಿ ಕನೆಕ್ಷನ್‌ಗೂ ಮೈಎಸ್‌ಕ್ಯೂಎಲ್ ಒಂದು ಥ್ರೆಡ್ (ಕೆಲಸ ಮಾಡುವ ಎಳೆ) ಕೊಡುತ್ತದೆ, ಆ ಥ್ರೆಡ್‌ಗೆ ತನ್ನದೇ ಮೆಮೊರಿ ಬೇಕು. ಸಾರ್ಟ್ ಬಫರ್ 256 ಕೆಬಿ, ಜಾಯಿನ್ ಬಫರ್ 256 ಕೆಬಿ, ಹೀಗೆ ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳುತ್ತಾ ಹೋಗುತ್ತದೆ. 1 ಜಿಬಿ ಮೆಮೊರಿಯ ಬಾಡಿಗೆ ಸರ್ವರ್‌ನಲ್ಲಿ ಬಾಗಿಲು ಅಗಲ ಮಾಡಿದರೆ ಒಳಗೆ ಕೂರಲು ಜಾಗ ಎಲ್ಲಿದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಯಿತು. ನಿಜವಾಗಿಯೂ ಸಾವಿರಾರು ಜನ ಬರುವ ಸೈಟಾದರೆ ಈ ಸಂಖ್ಯೆ ಹೆಚ್ಚಿಸಬೇಕು, ಬೇಡ ಅನ್ನುತ್ತಿಲ್ಲ. ಆದರೆ ಎಣಿಸದೆ ಹೆಚ್ಚಿಸಬೇಡಿ.

ಎಣಿಸುವುದು

ಎಣಿಸಲು ಮೊದಲು ಒಳಗೆ ಹೋಗಬೇಕಲ್ವಾ. 151 ತುಂಬಿದ ಮೇಲೂ ಮೈಎಸ್‌ಕ್ಯೂಎಲ್ ಒಂದು ಹೆಚ್ಚಿನ ಜಾಗವನ್ನು ಕಾದಿರಿಸುತ್ತದೆ, ಸೂಪರ್ ಅಧಿಕಾರ ಇರುವ ಅಕೌಂಟ್‌ಗೆ ಮಾತ್ರ. ಅಂದರೆ ರೂಟ್ ಆಗಿ ಟರ್ಮಿನಲ್‌ನಿಂದ ಹೋದರೆ ಬಾಗಿಲು ತೆರೆಯಬೇಕು. ನನಗೆ ತೆರೆಯಲಿಲ್ಲ. ಯಾಕೆಂದರೆ ವೆಬ್‌ಸೈಟೇ ರೂಟ್ ಯೂಸರ್‌ನಲ್ಲಿ ಓಡುತ್ತಿತ್ತು, ಆ ಒಂದು ಜಾಗವನ್ನೂ ಅದೇ ನುಂಗಿತ್ತು. ಸೈಟಿಗೆ ರೂಟ್ ಕೊಡಬೇಡಿ ಅನ್ನುವುದಕ್ಕೆ ಭದ್ರತೆಯ ಕಾರಣ ಎಲ್ಲರಿಗೂ ಗೊತ್ತು. ಇದು ಇನ್ನೊಂದು ಕಾರಣ. ಮನೆಗೆ ಬೆಂಕಿ ಬಿದ್ದಾಗ ನಿಮಗೇ ಒಳಗೆ ಹೋಗಲು ಆಗುವುದಿಲ್ಲ.

ಲೈವ್ ಸೈಟ್ ಬಿಟ್ಟು, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದರ ಪ್ರತಿ ಮಾಡಿಕೊಂಡು ಕೂತೆ. ಅಲ್ಲಿ ನಾನೊಬ್ಬನೇ ಗಿರಾಕಿ. ಟರ್ಮಿನಲ್‌ನಲ್ಲಿ ಮೈಎಸ್‌ಕ್ಯೂಎಲ್ ಒಮ್ಮೆ ತೆರೆದು ಹಾಗೇ ಬಿಟ್ಟೆ. ಶೋ ಗ್ಲೋಬಲ್ ಸ್ಟೇಟಸ್ ಕೊಟ್ಟರೆ ‘ಕನೆಕ್ಷನ್ಸ್’ ಎಂಬ ಒಂದು ಲೆಕ್ಕ ಸಿಗುತ್ತದೆ. ಸರ್ವರ್ ಶುರುವಾದಾಗಿನಿಂದ ಎಷ್ಟು ಸಲ ಬಾಗಿಲು ಬಡಿದರು ಅನ್ನುವ ಒಟ್ಟು ಸಂಖ್ಯೆ ಅದು. 812 ಇತ್ತು. ಬ್ರೌಸರ್‌ನಲ್ಲಿ ಉತ್ಪನ್ನಗಳ ಪಟ್ಟಿಯ ಪುಟವನ್ನು ಒಂದೇ ಒಂದು ಸಲ ತೆರೆದೆ. ಮತ್ತೆ ನೋಡಿದೆ. 853.

ಒಂದು ಪುಟ, 41 ಕನೆಕ್ಷನ್. ಆ ಪುಟದಲ್ಲಿ ಇದ್ದ ಉತ್ಪನ್ನಗಳು 40.

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ನಾಲ್ಕು ಜನ ಒಟ್ಟಿಗೆ ಆ ಪುಟ ತೆರೆದರೆ 164. ಬಾಗಿಲಿನ ಅಳತೆ 151. ಅಂಗಡಿಯವರ ಖುಷಿಗೆ ಆಧಾರ ಇರಲಿಲ್ಲ.

ಜೊತೆಗೆ ಇನ್ನೊಂದು ಲೆಕ್ಕ ನೋಡಿ, ‘ಥ್ರೆಡ್ಸ್ ಕನೆಕ್ಟೆಡ್’. ಇದು ಈ ಕ್ಷಣಕ್ಕೆ ತೆರೆದಿರುವವು ಎಷ್ಟು ಅಂತ ಹೇಳುತ್ತದೆ. ಎರಡಕ್ಕೂ ವ್ಯತ್ಯಾಸ ಇದೆ, ಗೊಂದಲ ಮಾಡಿಕೊಳ್ಳಬೇಡಿ. ಲೂಪ್‌ನಲ್ಲಿ ಒಂದೇ ವೇರಿಯಬಲ್‌ಗೆ ಮತ್ತೆ ಮತ್ತೆ ಹೊಸ ಆಬ್ಜೆಕ್ಟ್ ಹಾಕಿದರೆ, ಹಳೆಯ ಆಬ್ಜೆಕ್ಟ್ ಸಾಯುತ್ತದೆ, ಅದರ ಕನೆಕ್ಷನ್ ಮುಚ್ಚುತ್ತದೆ. ಆಗ ಮೊದಲ ಲೆಕ್ಕ ಏರುತ್ತದೆ, ಎರಡನೆಯದು ಏರುವುದಿಲ್ಲ. ಪುಟ ನಿಧಾನ ಆಗುತ್ತದೆ ಅಷ್ಟೆ. ಆಬ್ಜೆಕ್ಟ್‌ಗಳನ್ನೆಲ್ಲ ಒಂದು ಅರೇಯಲ್ಲಿ ತುಂಬಿಟ್ಟುಕೊಂಡರೆ ಎರಡೂ ಏರುತ್ತವೆ, ಆಗಲೇ 1040 ಬರುವುದು. ನನ್ನಲ್ಲಿ ಇದ್ದದ್ದು ಎರಡನೇ ಬಗೆ. ಪಟ್ಟಿಯನ್ನು ಅರೇಯಲ್ಲಿ ಕಟ್ಟಿ ಟೆಂಪ್ಲೇಟ್‌ಗೆ ಕೊಡುತ್ತಿದ್ದರು.

“ನಾನು ಕನೆಕ್ಷನ್‌ಗೆ ನಲ್ (ಖಾಲಿ) ಹಾಕಿದ್ದೇನೆ, ಆದರೂ ಇಳಿಯುತ್ತಿಲ್ಲ” ಅನ್ನುವವರು ಸ್ಟೇಟ್‌ಮೆಂಟ್ ಆಬ್ಜೆಕ್ಟ್ ಎಲ್ಲಿದೆ ನೋಡಿ. ಪಿಡಿಒ ಅಂದರೆ ಪಿಎಚ್‌ಪಿ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಸಾಧನ. ಅದರಲ್ಲಿ ಪ್ರಿಪೇರ್ ಮಾಡಿದ, ಅಂದರೆ ಓಡಿಸಲು ಸಿದ್ಧ ಮಾಡಿಟ್ಟ, ಸ್ಟೇಟ್‌ಮೆಂಟ್ ತನ್ನ ಕನೆಕ್ಷನ್‌ನ ಕೈ ಹಿಡಿದೇ ಇರುತ್ತದೆ. ಅದು ಬದುಕಿರುವ ತನಕ ಕನೆಕ್ಷನ್ ಮುಚ್ಚುವುದಿಲ್ಲ.

ಶೋ ಪ್ರೊಸೆಸ್‌ಲಿಸ್ಟ್ ಕೂಡ ಒಮ್ಮೆ ಕೊಡಿ. ಸಾಲು ಸಾಲು ‘ಸ್ಲೀಪ್’ ಕಾಣುತ್ತದೆ. ಪಕ್ಕದ ಟೈಮ್ ಕಾಲಂನಲ್ಲಿ 0, 1, 2 ಇದ್ದರೆ ಈಗಷ್ಟೇ ಹುಟ್ಟಿದವು, ಒಂದೇ ಪುಟದ ಮಕ್ಕಳು. ನೂರಾರು ಸೆಕೆಂಡ್ ಇದ್ದರೆ ಯಾರೋ ಪರ್ಸಿಸ್ಟೆಂಟ್ ಕನೆಕ್ಷನ್ (ಪುಟ ಮುಗಿದರೂ ಮುಚ್ಚದ ಕನೆಕ್ಷನ್) ಆನ್ ಮಾಡಿದ್ದಾರೆ, ಅಥವಾ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್ ಬಿಟ್ಟಿದ್ದಾರೆ.

ಕ್ಲಾಸ್ ತೆರೆದಾಗ

ಕೋಡ್‌ನಲ್ಲಿ ‘ನ್ಯೂ ಪಿಡಿಒ’ ಅಂತ ಹುಡುಕಿ. ಎಷ್ಟು ಕಡೆ ಸಿಗುತ್ತದೆ ಎಣಿಸಿ. ನನಗೆ ಎರಡು ಕಡೆ ಸಿಕ್ಕಿತು. ಎರಡೇ ಅಲ್ವಾ ಅಂತ ಸಮಾಧಾನ ಪಡಬೇಡಿ. ಒಂದು ‘ಡೇಟಾಬೇಸ್’ ಎಂಬ ಕ್ಲಾಸ್‌ನ ಕನ್‌ಸ್ಟ್ರಕ್ಟರ್ ಒಳಗಿತ್ತು. ಇನ್ನೊಂದು ‘ವಿಮರ್ಶೆ’ ಕ್ಲಾಸ್‌ನಲ್ಲಿ, ಅದನ್ನು ಆಮೇಲೆ ಯಾರೋ ಸೇರಿಸಿದ್ದು, ಅದರ ಕಥೆ ಮುಂದೆ ಇದೆ.

ಈಗ ‘ಎಕ್ಸ್‌ಟೆಂಡ್ಸ್ ಡೇಟಾಬೇಸ್’ ಅಂತ ಹುಡುಕಿ. 23 ಕ್ಲಾಸ್. ಉತ್ಪನ್ನ, ವರ್ಗ, ಗ್ರಾಹಕ, ಆರ್ಡರ್, ಆರ್ಡರ್ ಸಾಮಾನು, ವಿಳಾಸ, ಕೂಪನ್, ಎಲ್ಲವೂ ಡೇಟಾಬೇಸ್‌ನ ಮಕ್ಕಳು. ತಾಯಿ ಕ್ಲಾಸ್‌ನಲ್ಲಿ ಬರೆದದ್ದು ಇವಕ್ಕೆ ತಾನಾಗಿ ಬರುತ್ತದೆ, ಅದಕ್ಕೆ ಇನ್‌ಹೆರಿಟ್ ಮಾಡುವುದು ಅನ್ನುತ್ತಾರೆ.

ಬರೆದವರ ಲೆಕ್ಕಾಚಾರ ಅರ್ಥವಾಗುತ್ತದೆ. ಎಲ್ಲ ಕ್ಲಾಸ್‌ಗೂ ಕನೆಕ್ಷನ್ ಬೇಕು, ಪದೇ ಪದೇ ಬರೆಯುವುದು ಯಾಕೆ, ಒಂದು ಕಡೆ ಬರೆದು ಇನ್‌ಹೆರಿಟ್ ಮಾಡಿದರಾಯಿತು. ಆಬ್ಜೆಕ್ಟ್ ಓರಿಯೆಂಟೆಡ್ ಅಂದರೆ ಇನ್‌ಹೆರಿಟೆನ್ಸ್ ಅಂತ ಪಾಠ ಮಾಡುವವರು ಜಾಸ್ತಿ, ಅದರ ಫಲ ಇದು. ಇನ್‌ಹೆರಿಟೆನ್ಸ್ ಸರಿಯಾಗಿದೆಯಾ ಅಂತ ನೋಡಲು ಹಳೆಯ ಪರೀಕ್ಷೆ ಒಂದಿದೆ. ಬಾಯಿಬಿಟ್ಟು ಹೇಳಿ ನೋಡುವುದು. “ಬಾಳಕ ಮೆಣಸಿನಕಾಯಿ ಒಂದು ಡೇಟಾಬೇಸ್.” ನಗು ಬಂತಲ್ವಾ? ಬಂದರೆ ಅಲ್ಲಿ ಎಕ್ಸ್‌ಟೆಂಡ್ಸ್ ಇರಬಾರದು.

ನಗುವ ವಿಷಯ ಮಾತ್ರ ಆಗಿದ್ದರೆ ಬಿಡಬಹುದಿತ್ತು. ಕನ್‌ಸ್ಟ್ರಕ್ಟರ್ ಅನ್ನುವುದು ಆಬ್ಜೆಕ್ಟ್ ಹುಟ್ಟಿದಾಗೆಲ್ಲ ಓಡುತ್ತದೆ. 40 ಉತ್ಪನ್ನ ಹುಟ್ಟಿದರೆ 40 ಸಲ ಓಡುತ್ತದೆ, 40 ಸಲ ಕನೆಕ್ಷನ್ ತೆರೆಯುತ್ತದೆ. ಉಳಿದ ಒಂದು ವರ್ಗದ ಆಬ್ಜೆಕ್ಟ್‌ನದು. 41ರ ಲೆಕ್ಕ ಸರಿಹೋಯಿತು.

ಅದೇ ರೋಗ, ಬೇರೆ ವೇಷ

1040 ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಕು ಅಂತಿದ್ದೆ. ಆಗ ಅಂಗಡಿಯವರ ಹಳೆಯ ದೂರುಗಳ ವಾಟ್ಸ್‌ಆ್ಯಪ್ ಮೆಸೇಜ್‌ಗಳನ್ನು ಮತ್ತೆ ಓದಿದೆ. “ಆರ್ಡರ್ ಬಂದಿದೆ, ಒಳಗೆ ಸಾಮಾನೇ ಇಲ್ಲ.” “ಒಬ್ಬರೇ ಮೂರು ಸಲ ಆರ್ಡರ್ ಹಾಕಿದ್ದಾರೆ.” “ಗಿರಾಕಿ ಹೇಳ್ತಾರೆ, ಬಟನ್ ಒತ್ತಿದ ಮೇಲೆ ಒಂದು ನಿಮಿಷ ಸುತ್ತುತ್ತಾ ಇರುತ್ತೆ ಅಂತ.” ಇವಕ್ಕೆ ನಾನು ಅಲ್ಲಿಯ ತನಕ “ನೆಟ್‌ವರ್ಕ್ ಇರಬೇಕು ಸಾರ್” ಅಂತ ಉತ್ತರ ಕೊಟ್ಟಿದ್ದೆ. ನಾಚಿಕೆಯಾಯಿತು.

ಆರ್ಡರ್ ಹಾಕುವ ಕೋಡ್ ಹೀಗಿತ್ತು. ಆರ್ಡರ್ ಆಬ್ಜೆಕ್ಟ್ ಒಂದು ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು ಎಂಬ ಕಟ್ಟು) ಶುರು ಮಾಡಿ ಆರ್ಡರ್ ಟೇಬಲ್‌ಗೆ ಒಂದು ಸಾಲು ಹಾಕುತ್ತದೆ. ಇನ್ನೂ ಕಮಿಟ್, ಅಂದರೆ ಕಾಯಂ, ಮಾಡಿಲ್ಲ. ಆಮೇಲೆ ಆರ್ಡರ್ ಸಾಮಾನು ಎಂಬ ಇನ್ನೊಂದು ಆಬ್ಜೆಕ್ಟ್ ಹುಟ್ಟಿ, ಅದರ ಟೇಬಲ್‌ಗೆ ಸಾಲುಗಳನ್ನು ಹಾಕುತ್ತದೆ. ಕೊನೆಗೆ ಆರ್ಡರ್ ಆಬ್ಜೆಕ್ಟ್ ಕಮಿಟ್ ಮಾಡುತ್ತದೆ. ಓದುವಾಗ ತಪ್ಪೇ ಕಾಣುವುದಿಲ್ಲ.

ಆದರೆ ಇವೆರಡೂ ಬೇರೆ ಬೇರೆ ಕನೆಕ್ಷನ್. ಸಾಮಾನಿನ ಟೇಬಲ್‌ಗೆ ಆರ್ಡರ್ ಟೇಬಲ್ ಕಡೆಗೆ ಫಾರಿನ್ ಕೀ (ಇರುವ ಆರ್ಡರ್‌ಗೆ ಮಾತ್ರ ಸಾಮಾನು ಸೇರಬೇಕು ಎಂಬ ನಿಯಮ) ಇದೆ. ಸಾಲು ಹಾಕುವ ಮುಂಚೆ ಮೈಎಸ್‌ಕ್ಯೂಎಲ್ ಒಳಗೆ ಟೇಬಲ್‌ಗಳನ್ನು ನೋಡಿಕೊಳ್ಳುವ ಇನ್ನೊಡಿಬಿ ಆ ಆರ್ಡರ್ ನಿಜವಾಗಿ ಇದೆಯಾ ಅಂತ ತಂದೆ ಸಾಲನ್ನು ನೋಡಲು ಹೋಗುತ್ತದೆ. ಆ ಸಾಲಿಗೆ ಮೊದಲನೇ ಕನೆಕ್ಷನ್ ಬೀಗ ಹಾಕಿ ಕೂತಿದೆ. ಸರಿ, ಅದು ಬಿಡಲಿ ಅಂತ ಎರಡನೆಯದು ಕಾಯುತ್ತದೆ. ಮೊದಲನೆಯದು ಬಿಡುವುದು ಕಮಿಟ್ ಆದ ಮೇಲೆ. ಕಮಿಟ್ ಆಗಬೇಕಾದರೆ ಪಿಎಚ್‌ಪಿ ಮುಂದಿನ ಸಾಲಿಗೆ ಹೋಗಬೇಕು. ಪಿಎಚ್‌ಪಿ ಎರಡನೇ ಕನೆಕ್ಷನ್‌ನ ಉತ್ತರಕ್ಕೆ ಕಾಯುತ್ತಾ ನಿಂತಿದೆ. ಒಬ್ಬನೇ ಮನುಷ್ಯ ಒಳಗಿನಿಂದ ಚಿಲಕ ಹಾಕಿ, ಕಿಟಕಿ ಹಾರಿ ಹೊರಗೆ ಬಂದು, ತನ್ನ ಮನೆ ಬಾಗಿಲನ್ನೇ ಬಡಿದ ಹಾಗೆ.

ಡೇಟಾಬೇಸ್‌ಗೆ ಇದು ಡೆಡ್‌ಲಾಕ್ (ಇಬ್ಬರೂ ಒಬ್ಬರಿಗೊಬ್ಬರು ಕಾದು ನಿಲ್ಲುವುದು) ಅಂತ ಗೊತ್ತಾಗುವುದಿಲ್ಲ. ಅದರ ಕಣ್ಣಿಗೆ ಒಂದು ಕನೆಕ್ಷನ್ ಕಾಯುತ್ತಿದೆ, ಇನ್ನೊಂದು ಸುಮ್ನೆ ಕೂತಿದೆ. ಇಬ್ಬರ ಹಿಂದೆಯೂ ಒಂದೇ ಸ್ಕ್ರಿಪ್ಟ್ ಇದೆ ಅನ್ನುವುದು ಅದಕ್ಕೆ ತಿಳಿಯದು. ಹಾಗಾಗಿ ಡೆಡ್‌ಲಾಕ್‌ನ 1213 ತಪ್ಪು ತಕ್ಷಣ ಬರುವುದಿಲ್ಲ. ಇನ್ನೊಡಿಬಿ ಲಾಕ್ ವೇಟ್ ಟೈಮ್‌ಔಟ್ ಎಂಬ ಸೆಟ್ಟಿಂಗ್‌ನ ಅವಧಿ ಮುಗಿಯುವ ತನಕ ಕಾಯುತ್ತದೆ. ಅದು 50 ಸೆಕೆಂಡ್. ಆಮೇಲೆ 1205, ಲಾಕ್ ವೇಟ್ ಟೈಮ್‌ಔಟ್ ಎಕ್ಸೀಡೆಡ್.

ಪಿಎಚ್‌ಪಿಯ 30 ಸೆಕೆಂಡ್ ಮಿತಿ ಇದನ್ನು ಯಾಕೆ ಕತ್ತರಿಸಲಿಲ್ಲ ಅಂತ ನನಗೂ ಅನ್ನಿಸಿತ್ತು. ಲಿನಕ್ಸ್‌ನಲ್ಲಿ ಆ ಮಿತಿ ಡೇಟಾಬೇಸ್‌ಗಾಗಿ ಕಾದ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಗಿರಾಕಿ ಪೂರ್ತಿ 50 ಸೆಕೆಂಡ್ ಸುತ್ತುವ ಚಕ್ರ ನೋಡುತ್ತಾ ಕೂರುತ್ತಾನೆ, ಅಥವಾ ತಾಳ್ಮೆ ತಪ್ಪಿ ಮತ್ತೆ ಒತ್ತುತ್ತಾನೆ. ಮೂರು ಆರ್ಡರ್ ಬಂದದ್ದು ಹಾಗೆ.

ಇನ್ನು ಸಾಮಾನಿಲ್ಲದ ಆರ್ಡರ್. 1205 ಬಂದರೆ ಎಕ್ಸೆಪ್ಶನ್ (ಕೋಡ್ ಅನ್ನು ಅಲ್ಲೇ ನಿಲ್ಲಿಸುವ ತಪ್ಪಿನ ಕೂಗು) ಬಂದು ಎಲ್ಲ ರದ್ದಾಗಬೇಕಿತ್ತು. ಆದರೆ ಪಿಎಚ್‌ಪಿ 8.0ಗಿಂತ ಮುಂಚೆ ಪಿಡಿಒ ತಾನಾಗಿ ಎಕ್ಸೆಪ್ಶನ್ ಎಸೆಯುತ್ತಿರಲಿಲ್ಲ. ಎರರ್ ಮೋಡ್ ಹೇಳದಿದ್ದರೆ ಬಾಯಿ ಮುಚ್ಚಿಕೊಂಡು ಫಾಲ್ಸ್ ಕೊಡುತ್ತಿತ್ತು, ಅಷ್ಟೆ. ಆ ಫಾಲ್ಸ್ ಯಾರೂ ನೋಡುತ್ತಿರಲಿಲ್ಲ. ಸಾಮಾನು ಬೀಳಲಿಲ್ಲ, ಕೋಡ್ ಮುಂದೆ ಹೋಯಿತು, ಆರ್ಡರ್ ಕಮಿಟ್ ಆಯಿತು. ಕನೆಕ್ಷನ್ ತೆರೆಯುವಾಗ ಬರುವ ತಪ್ಪಿಗೆ ಮಾತ್ರ ಪಿಡಿಒ ಯಾವಾಗಲೂ ಎಕ್ಸೆಪ್ಶನ್ ಎಸೆಯುತ್ತದೆ. ಅದಕ್ಕೇ 1040 ಕಣ್ಣಿಗೆ ಬಿತ್ತು, 1205 ಬೀಳಲಿಲ್ಲ. ಹಳೆಯ ಪಿಎಚ್‌ಪಿ ಇದ್ದರೆ ಎರರ್ ಮೋಡ್ ಅನ್ನು ಎಕ್ಸೆಪ್ಶನ್‌ಗೆ ಬದಲಿಸುವುದು ಬೇರೆಲ್ಲಕ್ಕಿಂತ ಮೊದಲ ಕೆಲಸ. ಅದಿಲ್ಲದೆ ನೀವು ಹುಡುಕುವುದೆಲ್ಲ ಕತ್ತಲಲ್ಲಿ.

ಇದನ್ನು ಹಿಡಿಯಲು ದೊಡ್ಡ ಸಾಧನ ಏನೂ ಬೇಡ. ಪ್ರತಿ ಕ್ಲಾಸ್ ಇನ್‌ಸರ್ಟ್ ಮಾಡುವ ಮುಂಚೆ ‘ಸೆಲೆಕ್ಟ್ ಕನೆಕ್ಷನ್ ಐಡಿ’ ಕ್ವೆರಿ ಓಡಿಸಿ, ಬಂದ ಸಂಖ್ಯೆಯನ್ನು ಲಾಗ್‌ಗೆ ಬರೆಸಿ. ನನ್ನ ಲಾಗ್‌ನಲ್ಲಿ ಆರ್ಡರ್ ಮುಂದೆ 917, ಸಾಮಾನಿನ ಮುಂದೆ 918 ಬಂತು. ಒಂದೇ ರಿಕ್ವೆಸ್ಟ್‌ನಲ್ಲಿ ಎರಡು ಸಂಖ್ಯೆ ಬಂದರೆ ನಿಮ್ಮ ಟ್ರಾನ್ಸಾಕ್ಷನ್ ಬರೀ ಅಲಂಕಾರ. ಫಾರಿನ್ ಕೀ ಇಲ್ಲದ ಟೇಬಲ್‌ಗಳಲ್ಲಿ ಇದು ಇನ್ನೂ ಅಪಾಯ. ಕಾಯುವುದೂ ಇಲ್ಲ, ತಪ್ಪೂ ಬರುವುದಿಲ್ಲ. ರೋಲ್‌ಬ್ಯಾಕ್ (ಹಾಕಿದ್ದನ್ನು ವಾಪಸ್ ತೆಗೆಯುವುದು) ಆದಾಗ ಆರ್ಡರ್ ಹೋಗುತ್ತದೆ, ಸಾಮಾನು ಅನಾಥವಾಗಿ ಉಳಿಯುತ್ತದೆ.

ವಿಳಾಸದ ಟೇಬಲ್‌ನಲ್ಲಿ ಆರ್ಡರ್ ಸಂಖ್ಯೆ 0 ಇರುವ ನೂರಾರು ಸಾಲು ಸಿಕ್ಕವು. ಇದಕ್ಕೂ ಅದೇ ಕಾರಣ. ಈಗಷ್ಟೇ ಹಾಕಿದ ಸಾಲಿನ ಐಡಿ ಕೊಡುವ ಲಾಸ್ಟ್ ಇನ್‌ಸರ್ಟ್ ಐಡಿ ಆಯಾ ಕನೆಕ್ಷನ್‌ಗೆ ಸೇರಿದ್ದು. ಆರ್ಡರ್ ಹಾಕಿದ್ದು ಒಂದು ಕನೆಕ್ಷನ್, ಐಡಿ ಕೇಳಿದ್ದು ಇನ್ನೊಂದನ್ನು. ಅದು ಏನೂ ಹಾಕಿಲ್ಲ, 0 ಅಂತ ಪ್ರಾಮಾಣಿಕವಾಗಿ ಹೇಳಿತು.

ಕೈಚೀಲದ ಪುಟದಲ್ಲಿ ಆಗಾಗ ಬರುತ್ತಿದ್ದ “ಪಿಡಿಒ ಆಬ್ಜೆಕ್ಟ್ ಸೀರಿಯಲೈಸ್ ಮಾಡಲಾಗದು” ಎಂಬರ್ಥದ ತಪ್ಪಂತೂ ಸುಲಭ. ಉತ್ಪನ್ನದ ಆಬ್ಜೆಕ್ಟ್ ಅನ್ನೇ ಸೆಷನ್‌ನಲ್ಲಿ (ಗಿರಾಕಿಯ ಮಾಹಿತಿಯನ್ನು ಮುಂದಿನ ಪುಟಕ್ಕೆ ಉಳಿಸುವ ಜಾಗದಲ್ಲಿ) ಇಡಲು ಹೋಗಿದ್ದರು. ಅದರ ಹೊಟ್ಟೆಯೊಳಗೆ ಕನೆಕ್ಷನ್ ಇದೆ, ಅದನ್ನು ಫೈಲ್‌ನಲ್ಲಿ ಬರೆದಿಡಲು ಆಗುವುದಿಲ್ಲ.

ಹಪ್ಪಳ ಐದು ಪ್ರಶ್ನಾರ್ಥಕ ಚಿಹ್ನೆಯಾದ ಕಥೆ

ಐದನೆಯದು ಕನ್ನಡದವರಿಗೆ ಜಾಸ್ತಿ ಕಾಡುವಂಥದ್ದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ಡೇಟಾಬೇಸ್’ ಕ್ಲಾಸ್‌ನ ಕನೆಕ್ಷನ್‌ನಲ್ಲಿ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಕನ್ನಡಕ್ಕೂ ಆಗುವ ಯುಟಿಎಫ್8ಎಂಬಿ4 ಅಂತ ಹಾಕಿದ್ದರು. ಆಮೇಲೆ ಬಂದ ‘ವಿಮರ್ಶೆ’ ಕ್ಲಾಸ್ ತನ್ನದೇ ಕನೆಕ್ಷನ್ ತೆರೆದಿತ್ತು, ಅದರಲ್ಲಿ ಕ್ಯಾರೆಕ್ಟರ್ ಸೆಟ್ ಹಾಕಲು ಮರೆತಿದ್ದರು. ಮೈಎಸ್‌ಕ್ಯೂಎಲ್ 5.7ರಲ್ಲಿ ಏನೂ ಹೇಳದಿದ್ದರೆ ಲ್ಯಾಟಿನ್1. 2018ರಲ್ಲಿ ಬಂದ 8.0ರಿಂದ ಅದು ಯುಟಿಎಫ್8ಎಂಬಿ4 ಆಯಿತು, ಹಾಗಾಗಿ ಹೊಸ ಸರ್ವರ್‌ನಲ್ಲಿ ಈ ತಪ್ಪು ಅಡಗಿರುತ್ತದೆ.

ವಿಮರ್ಶೆ ಕ್ಲಾಸ್ ಉತ್ಪನ್ನದ ಹೆಸರನ್ನು ಓದುವಾಗ ಲ್ಯಾಟಿನ್1ನಲ್ಲಿ ಕನ್ನಡ ಅಕ್ಷರವೇ ಇಲ್ಲ, ಅದಕ್ಕೆ ಪ್ರತಿಯೊಂದಕ್ಕೂ ಪ್ರಶ್ನಾರ್ಥಕ ಚಿಹ್ನೆ ಬಂತು. ಓದುವಾಗ ಮಾತ್ರ ಆದರೆ ನಷ್ಟವಿಲ್ಲ, ಟೇಬಲ್‌ನಲ್ಲಿ ಅಕ್ಷರ ಸರಿಯಾಗಿಯೇ ಇರುತ್ತದೆ. ಆದರೆ ಆ ಚಿಹ್ನೆಗಳು ಒಂದು ತಿದ್ದುವ ಫಾರ್ಮ್‌ನಲ್ಲಿ ಬಂದು ಕೂತವು, ಯಾರೋ ಬೆಲೆ ಬದಲಿಸಿ ಸೇವ್ ಒತ್ತಿದರು. ಅಲ್ಲಿಗೆ ಹಪ್ಪಳ ಹೋಯಿತು.

ವಿಮರ್ಶೆಗಳದ್ದು ಇನ್ನೂ ತಮಾಷೆ. ಗಿರಾಕಿ ಬರೆದ ಕನ್ನಡ ಲ್ಯಾಟಿನ್1 ಕನೆಕ್ಷನ್‌ನಲ್ಲೇ ಒಳಗೆ ಹೋಗಿ, ಅದೇ ಕನೆಕ್ಷನ್‌ನಲ್ಲೇ ಹೊರಗೆ ಬರುತ್ತಿತ್ತು. ಹೋಗುವಾಗ ಆದ ತಪ್ಪು ಬರುವಾಗ ಸರಿಹೋಗುತ್ತದೆ, ಸೈಟಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಡ್ಮಿನ್ ಪುಟ ಸರಿಯಾದ ಕನೆಕ್ಷನ್‌ನಲ್ಲಿ ಓದಿದಾಗ ಮಾತ್ರ ಕಲಸುಮೇಲೋಗರ.

ಯಾವ ಸಾಲು ಯಾವ ಸ್ಥಿತಿಯಲ್ಲಿದೆ ಅಂತ ಕಣ್ಣಿನಿಂದ ನೋಡಿ ನಂಬಬೇಡಿ, ಬೈಟ್ ಎಣಿಸಿ. ಲೆಂತ್ ಫಂಕ್ಷನ್ ಬೈಟ್ ಎಣಿಸುತ್ತದೆ, ಕ್ಯಾರ್ ಲೆಂತ್ ಅಕ್ಷರ ಎಣಿಸುತ್ತದೆ. ‘ಹಪ್ಪಳ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ಗೆ ಐದು: ಹ, ಪ, ಹಲಂತದ ಚಿಹ್ನೆ (್), ಮತ್ತೊಂದು ಪ, ಳ. ಕನ್ನಡದ ಪ್ರತಿಯೊಂದಕ್ಕೂ ಯುಟಿಎಫ್8ನಲ್ಲಿ 3 ಬೈಟ್. ಸರಿಯಾಗಿ ಕೂತಿದ್ದರೆ 15 ಬೈಟ್, 5 ಅಕ್ಷರ. ಲ್ಯಾಟಿನ್1 ದಾರಿಯಲ್ಲಿ ಎರಡು ಸಲ ಸುತ್ತಿ ಬಂದಿದ್ದರೆ 30 ಬೈಟ್, 15 ಅಕ್ಷರ. ಪ್ರಶ್ನಾರ್ಥಕವಾಗಿ ಹೋಗಿದ್ದರೆ 5 ಬೈಟ್, 5 ಅಕ್ಷರ. ಎರಡನೇ ಬಗೆಯದನ್ನು ಲ್ಯಾಟಿನ್1ಗೆ ತಿರುಗಿಸಿ, ಬೈನರಿ ಮಾಡಿ, ಯುಟಿಎಫ್8ಎಂಬಿ4 ಆಗಿ ಓದಿಸಿ ಉಳಿಸಬಹುದು, ಬ್ಯಾಕಪ್ ತೆಗೆದುಕೊಂಡು. ಮೂರನೆಯದು ಹಳೆಯ ಬ್ಯಾಕಪ್‌ನಲ್ಲಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಕೂತು ಟೈಪ್ ಮಾಡಬೇಕು. ನಾನು 19 ಹೆಸರು ಟೈಪ್ ಮಾಡಿದೆ.

ದುರಸ್ತಿ

ಮೊದಲು ಪ್ರಥಮ ಚಿಕಿತ್ಸೆ. ತಾಯಿ ಕ್ಲಾಸ್‌ನಲ್ಲಿ ಕನೆಕ್ಷನ್ ಅನ್ನು ಒಂದು ಪ್ರೈವೇಟ್ ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ, ಅಂದರೆ ಎಲ್ಲ ಆಬ್ಜೆಕ್ಟ್‌ಗೂ ಸೇರಿ ಒಂದೇ ಇರುವ ಜಾಗದಲ್ಲಿ, ಇಡಿ. ಕನ್‌ಸ್ಟ್ರಕ್ಟರ್ ಓಡಿದಾಗ ಅದು ಖಾಲಿ ಇದ್ದರೆ ಮಾತ್ರ ಹೊಸದು ತೆರೆಯಲಿ. ಆರೇಳು ಸಾಲಿನ ಬದಲಾವಣೆ. ಮಕ್ಕಳು ತಾಯಿಯ ಫಂಕ್ಷನ್ ಮೂಲಕವೇ ಕ್ವೆರಿ ಓಡಿಸುತ್ತಿದ್ದರೆ 23 ಮಕ್ಕಳನ್ನು ಮುಟ್ಟಬೇಕಿಲ್ಲ. ವಿಮರ್ಶೆ ಕ್ಲಾಸ್‌ನ ಸ್ವಂತ ಕನೆಕ್ಷನ್ ತೆಗೆದು ಇದಕ್ಕೇ ಸೇರಿಸಿ. ಸ್ಟ್ಯಾಟಿಕ್ ಆದದ್ದು ಸೀರಿಯಲೈಸ್ ಆಗುವುದಿಲ್ಲ, ಹಾಗಾಗಿ ಸೆಷನ್ ತಪ್ಪು ಕೂಡ ಹೋಗುತ್ತದೆ. ಇದು ಸಿಂಗಲ್ಟನ್‌ನ (ಇಡೀ ಕೋಡ್‌ಗೆ ಒಂದೇ ಆಬ್ಜೆಕ್ಟ್ ಎಂಬ ಪದ್ಧತಿಯ) ತಮ್ಮ. ಸಿಂಗಲ್ಟನ್ ಕಂಡರೆ ಮೂಗು ಮುರಿಯುವವರು ಇದ್ದಾರೆ, ನಾನೂ ಹಗಲಲ್ಲಿ ಮುರಿಯುತ್ತೇನೆ. ರಾತ್ರಿ ಹತ್ತಕ್ಕೆ ಸೈಟ್ ಬಿದ್ದಿದ್ದರೆ ಇದನ್ನೇ ಹಾಕುತ್ತೇನೆ.

ಇಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ನನ್ನ ತಾಯಿ ಕ್ಲಾಸ್‌ನಲ್ಲಿ ಡಿಸ್ಟ್ರಕ್ಟರ್ ಇತ್ತು, ಆಬ್ಜೆಕ್ಟ್ ಸತ್ತಾಗ ಕನೆಕ್ಷನ್‌ಗೆ ನಲ್ ಹಾಕುತ್ತಿತ್ತು. ಪ್ರತಿಯೊಬ್ಬರಿಗೂ ಸ್ವಂತ ಕನೆಕ್ಷನ್ ಇದ್ದಾಗ ಅದು ಒಳ್ಳೆಯ ಅಭ್ಯಾಸ. ಎಲ್ಲರದ್ದೂ ಒಂದೇ ಆದ ಮೇಲೆ ಮೊದಲು ಸತ್ತ ಆಬ್ಜೆಕ್ಟ್ ಎಲ್ಲರ ದೀಪ ಆರಿಸಿ ಹೋಗುತ್ತದೆ. ನಲ್ ಮೇಲೆ ಪ್ರಿಪೇರ್ ಕರೆಯುತ್ತಿದ್ದೀರಿ ಅನ್ನುವ ತಪ್ಪು ಬಂದರೆ ಡಿಸ್ಟ್ರಕ್ಟರ್ ತೆಗೆಯಿರಿ. ಸ್ಕ್ರಿಪ್ಟ್ ಮುಗಿದಾಗ ಪಿಎಚ್‌ಪಿ ತಾನೇ ಮುಚ್ಚುತ್ತದೆ.

ಪೂರ್ತಿ ದುರಸ್ತಿಗೆ ಎರಡು ವಾರಾಂತ್ಯ ಹಿಡಿಯಿತು. ಎಕ್ಸ್‌ಟೆಂಡ್ಸ್ ಎಲ್ಲ ತೆಗೆದೆ. ಈಗ ‘ಉತ್ಪನ್ನ’ ಬರೀ ಮಾಹಿತಿ: ಹೆಸರು, ಬೆಲೆ, ತೂಕ. ಅದಕ್ಕೆ ಡೇಟಾಬೇಸ್ ಅನ್ನುವುದು ಒಂದಿದೆ ಅಂತಲೇ ಗೊತ್ತಿಲ್ಲ. ‘ಉತ್ಪನ್ನ ಉಗ್ರಾಣ’ ಎಂಬ ಬೇರೆ ಕ್ಲಾಸ್ ಡೇಟಾಬೇಸ್‌ನಿಂದ ತರುವ, ಇಡುವ ಕೆಲಸ ಮಾಡುತ್ತದೆ. ಅದು ಕೂಡ ಕನೆಕ್ಷನ್ ತೆರೆಯುವುದಿಲ್ಲ, ಕನ್‌ಸ್ಟ್ರಕ್ಟರ್‌ನಲ್ಲಿ ಕೇಳಿ ಪಡೆಯುತ್ತದೆ. ‘ನ್ಯೂ ಪಿಡಿಒ’ ಇಡೀ ಕೋಡ್‌ನಲ್ಲಿ ಒಂದೇ ಕಡೆ ಇದೆ, ಎಲ್ಲ ರಿಕ್ವೆಸ್ಟ್ ಮೊದಲು ಬಂದು ಇಳಿಯುವ ಇಂಡೆಕ್ಸ್ ಫೈಲ್‌ನಲ್ಲಿ. ಅಲ್ಲಿ ಹುಟ್ಟಿದ ಕನೆಕ್ಷನ್ ಅನ್ನು ಬೇಕಾದವರ ಕೈಗೆ ಕೊಡುತ್ತೇವೆ. ಸ್ಟ್ಯಾಟಿಕ್‌ಗಿಂತ ಇದು ಯಾಕೆ ಮೇಲು? ಯಾರಿಗೆ ಡೇಟಾಬೇಸ್ ಬೇಕು ಅನ್ನುವುದು ಕನ್‌ಸ್ಟ್ರಕ್ಟರ್ ನೋಡಿದರೆ ಗೊತ್ತಾಗುತ್ತದೆ. ಪರೀಕ್ಷೆ ಮಾಡುವಾಗ ಲೈವ್ ಡೇಟಾಬೇಸ್ ಬದಲು ಮೆಮೊರಿಯಲ್ಲಿ ಓಡುವ ಎಸ್‌ಕ್ಯೂಲೈಟ್ ಕೊಡಬಹುದು. ನನಗೆ ಇದರಲ್ಲಿ ಮೊದಲನೆಯದೇ ಮುಖ್ಯ.

ಒಂದೇ ಕನೆಕ್ಷನ್ ಆದ ಮೇಲೆ ಹೊಸ ತಪ್ಪುಗಳು ಬರುತ್ತವೆ, ಹೆದರಬೇಡಿ. “ದೇರ್ ಈಸ್ ಆಲ್ರೆಡಿ ಆ್ಯನ್ ಆ್ಯಕ್ಟಿವ್ ಟ್ರಾನ್ಸಾಕ್ಷನ್” ಅಂತ ಬಂದರೆ, ಆರ್ಡರ್ ಮತ್ತು ಸಾಮಾನು ಎರಡೂ ತಮ್ಮ ತಮ್ಮ ಟ್ರಾನ್ಸಾಕ್ಷನ್ ಶುರು ಮಾಡುತ್ತಿವೆ ಅಂತ ಅರ್ಥ. ಮೊದಲೂ ಮಾಡುತ್ತಿದ್ದವು, ಬೇರೆ ಕನೆಕ್ಷನ್ ಆಗಿದ್ದರಿಂದ ಕಾಣುತ್ತಿರಲಿಲ್ಲ. ಉಗ್ರಾಣಗಳಿಂದ ಬಿಗಿನ್, ಕಮಿಟ್ ಎರಡನ್ನೂ ತೆಗೆಯಿರಿ. ‘ಆರ್ಡರ್ ಹಾಕುವವ’ ಅಂತ ಒಂದು ಕ್ಲಾಸ್ ಮಾಡಿ, ಟ್ರಾನ್ಸಾಕ್ಷನ್ ಶುರು ಮಾಡುವುದು, ಮುಗಿಸುವುದು, ತಪ್ಪಾದರೆ ರೋಲ್‌ಬ್ಯಾಕ್ ಮಾಡುವುದು ಅದರ ಕೆಲಸ ಮಾತ್ರ ಆಗಲಿ. 2014 ಎಂಬ ತಪ್ಪು ಬಂದರೆ ಹಿಂದಿನ ಕ್ವೆರಿಯ ಫಲಿತಾಂಶ ಇನ್ನೂ ಪೂರ್ತಿ ಓದಿಲ್ಲ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಬರೆದಿಟ್ಟ ಕೋಡ್) ಬಳಸುವ ಕಡೆ ಸಾಮಾನ್ಯವಾಗಿ ಬರುತ್ತದೆ, ಕರ್ಸರ್ ಮುಚ್ಚಿದರೆ ಸರಿಹೋಗುತ್ತದೆ.

ಪರ್ಸಿಸ್ಟೆಂಟ್ ಕನೆಕ್ಷನ್ ಆನ್ ಮಾಡಿದರೆ ಇಷ್ಟೆಲ್ಲ ಬೇಕಾಗಿರಲಿಲ್ಲ ಅಂತ ಒಬ್ಬ ಗೆಳೆಯ ಹೇಳಿದ. ಬೇಡ. ಪಿಎಚ್‌ಪಿ ವರ್ಕರ್‌ಗಳು 50 ಇದ್ದರೆ ಯಾರೂ ಇಲ್ಲದ ನಡುರಾತ್ರಿಯಲ್ಲೂ ಅಷ್ಟೂ ಕನೆಕ್ಷನ್ ಹಿಡಿದು ಕೂರಬಹುದು. ಒಬ್ಬರ ರಿಕ್ವೆಸ್ಟ್ ಬಿಟ್ಟುಹೋದ ಸೆಷನ್ ವೇರಿಯಬಲ್, ತಾತ್ಕಾಲಿಕ ಟೇಬಲ್ ಮುಂದಿನವರಿಗೆ ಸಿಗುತ್ತದೆ. ಆ ತಪ್ಪುಗಳನ್ನು ಹುಡುಕುವ ವಯಸ್ಸು ನನ್ನದಲ್ಲ.

ರಾತ್ರಿ ಹೊತ್ತು ದಾಸ್ತಾನು ಲೆಕ್ಕ ಹಾಕುವ ಸ್ಕ್ರಿಪ್ಟ್ ಒಂದಿತ್ತು, ದಿನಗಟ್ಟಲೆ ಓಡುವಂಥದ್ದು. ಅದಕ್ಕೆ ಮಾತ್ರ ಬೇರೆ ಏರ್ಪಾಡು. ಮೈಎಸ್‌ಕ್ಯೂಎಲ್ ಸುಮ್ನೆ ಕೂತ ಕನೆಕ್ಷನ್ ಅನ್ನು 28800 ಸೆಕೆಂಡ್, ಅಂದರೆ 8 ಗಂಟೆ ಆದ ಮೇಲೆ ಕಡಿಯುತ್ತದೆ. ಆಮೇಲೆ ಕೇಳಿದರೆ 2006, ಸರ್ವರ್ ಹ್ಯಾಸ್ ಗಾನ್ ಅವೇ. ಆ ಸ್ಕ್ರಿಪ್ಟ್ ಪ್ರತಿ ಸುತ್ತಿಗೂ ಹೊಸ ಕನೆಕ್ಷನ್ ಪಡೆದು, ಮುಗಿದ ಮೇಲೆ ಬಿಡುತ್ತದೆ.

ಎಲ್ಲ ಆದ ಮೇಲೆ ಮತ್ತೆ ಎಣಿಸಿದೆ. ಪಟ್ಟಿಯ ಪುಟ ತೆರೆದರೆ ಕನೆಕ್ಷನ್ಸ್ ಲೆಕ್ಕ ಒಂದೇ ಏರಿತು. ಮ್ಯಾಕ್ಸ್ ಕನೆಕ್ಷನ್ಸ್ ಅನ್ನು 151ಕ್ಕೆ ವಾಪಸ್ ತಂದು, ಫ್ಲಶ್ ಸ್ಟೇಟಸ್ ಕೊಟ್ಟು ಹಳೆಯ ಗರಿಷ್ಠ ಲೆಕ್ಕ ಅಳಿಸಿ, ದೀಪಾವಳಿ ಮುಗಿಯುವ ತನಕ ಬಿಟ್ಟೆ. ಆಮೇಲೆ ‘ಮ್ಯಾಕ್ಸ್ ಯೂಸ್ಡ್ ಕನೆಕ್ಷನ್ಸ್’ ನೋಡಿದರೆ 9.

ಅಂಗಡಿಯವರಿಗೆ ಫೋನ್ ಮಾಡಿ ಖುಷಿಯಿಂದ ಹೇಳಿದೆ, 300 ದಾಟುತ್ತಿದ್ದದ್ದು ಈಗ 9ಕ್ಕೆ ಬಂದಿದೆ ಅಂತ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, “ಅಯ್ಯೋ, ಅಷ್ಟೊಂದು ಜನ ಕಮ್ಮಿ ಆಗಿಬಿಟ್ರಾ ಸಾರ್?”